ಐದೂವರೆ ಕಿಲೋವ್ಯಾಟ್

ಪುಟ್ಟಿಗೆ ಮೂವತ್ತೆಂಟು ತುಂಬಿತ್ತು. ಹತ್ತಡಿ ತೊಲೆಯನ್ನು ಹೆಗಲಿಗೇರಿಸಿಕೊಂಡು ಒಬ್ಬಳೇ ಏಣಿ ಹತ್ತುವ ಹೆಂಗಸನ್ನು ಪುಟ್ಟಿ ಎಂದು ಕರೆಯುವುದು ಯಾವ ಸೀಮೆಯ ನ್ಯಾಯವೋ, ಆದರೆ ಅಣ್ಣ ಚಿಕ್ಕಂದಿನಿಂದ ಹಾಗೇ ಕರೆದಿದ್ದ. ಅವನ ಬಾಯಿಂದ ಅದು ಗಿರಾಕಿಗಳ ಬಾಯಿಗೂ ಹೋಗಿ ಅಲ್ಲೇ ಬೀಡುಬಿಟ್ಟಿತ್ತು. ಅಪ್ಪ ತೀರಿಕೊಂಡ ಮೇಲೆ ಆರು ವರ್ಷದಿಂದ ಅಣ್ಣ ತಂಗಿ ಸೇರಿ ಅಪ್ಪನ ಮರಗೆಲಸ ನಡೆಸಿಕೊಂಡು ಬಂದಿದ್ದರು. ಗಿರಾಕಿಯ ಜೊತೆ ಮಾತು, ಸಾಮಾನು ತರುವುದು, ವ್ಯಾನು ಓಡಿಸುವುದು, ಮೊಳೆ ಹೊಡೆಯುವುದು ಅಣ್ಣನ ಪಾಲು. ಅಳತೆ, ಕೊಯ್ಯುವುದು, ಜೋಡಿಸುವುದು ಪುಟ್ಟಿಯ ಪಾಲು. ಒಟ್ಟಿನಲ್ಲಿ ಬಾಯಿ ಅವನದು, ಕೈ ಇವಳದು.

ಅಣ್ಣ ಕೆಟ್ಟವನಲ್ಲ. ಅದೇ ಕಷ್ಟ. ಕೆಟ್ಟವನಾಗಿದ್ದರೆ ಎಂದೋ ಜಗಳವಾಡಿ ಮುಗಿಸಬಹುದಿತ್ತು. ಅವನು ನಗುನಗುತ್ತಾ ಅವಳ ತಟ್ಟೆಗೆ ತನ್ನ ಪಾಲಿನದನ್ನೂ ಬಡಿಸುವವನು, ಅವಳಿಗೆ ಜ್ವರ ಬಂದರೆ ತಾನೇ ಮಾತ್ರೆ ತರುವವನು. ಆದರೆ ಅವಳು ಕೆಲಸದ ವಿಷಯಕ್ಕೆ ಬಾಯಿ ತೆರೆದರೆ ಸಾಕು, ಅವನ ಕಣ್ಣು ಕಿಟಕಿಯ ಕಡೆ ತಿರುಗುತ್ತಿತ್ತು. ಅಂಗಡಿಯವನು ಹೇಳಿದ್ದು ಕೇಳುತ್ತಿದ್ದ, ಬಸ್ಸಿನಲ್ಲಿ ಪಕ್ಕ ಕೂತವನು ಹೇಳಿದ್ದು ಕೇಳುತ್ತಿದ್ದ, ತಂಗಿ ಹೇಳಿದ್ದು ಮಾತ್ರ ಆ ಕಿವಿಗಳಿಗೆ ಬೀಳುತ್ತಲೇ ಇರಲಿಲ್ಲ. ಪಾಪ, ಅವನಿಗೆ ಕೇಳಿಸುವುದೇ ಇಲ್ಲ ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡು ಆರು ವರ್ಷ ತಳ್ಳಿದ್ದಳು.

ಈ ಸಲ ಮಾತ್ರ ಅತ್ತಿಗೆಯ ಎದುರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು. "ಅತ್ತಿಗೆ, ಈ ಕೆಲಸದಲ್ಲೂ ನನ್ನ ಮಾತು ಕೇಳ್ಲಿಲ್ಲ ಅಂದ್ರೆ ನಾನು ಬೇರೆ ಆಗ್ತೀನಿ. ನನ್ನ ಕೆಲಸ ನಾನು ನೋಡ್ಕೋತೀನಿ."

ಅತ್ತಿಗೆ ಬಟ್ಟೆ ಮಡಚುತ್ತಲೇ ಹೇಳಿದಳು. "ಹೋದ ವರ್ಷಾನೂ ಇದೇ ಹೇಳಿದ್ದೆ. ಅದರ ಹಿಂದಿನ ವರ್ಷಾನೂ. ನನಗೂ ಕೇಳಿ ಕೇಳಿ ಬಾಯಿಪಾಠ ಆಗಿದೆ."

ಕೆಲಸ ಪ್ರಾಣಿಗಳ ಡಾಕ್ಟರಮ್ಮನದು. ಊರಾಚೆಯ ಹಳೇ ಗೋದಾಮೊಂದನ್ನು ಹಿಡಿದಿದ್ದರು, ಅದನ್ನು ಆಸ್ಪತ್ರೆ ಮಾಡಿಕೊಡಬೇಕಿತ್ತು. ಒಳಗೆ ಹಲಗೆಯ ನೆಲ, ಮೂರು ಅಡ್ಡಗೋಡೆ, ಪ್ರಾಣಿಗಳಿಗೆ ಹನ್ನೆರಡು ಗೂಡು, ಬಾಗಿಲ ಬಳಿ ಬಂದವರನ್ನು ವಿಚಾರಿಸಿಕೊಳ್ಳಲು ಒಂದು ಉದ್ದನೆಯ ಕಟ್ಟೆಮೇಜು. ಶನಿವಾರಕ್ಕೆ ಅವರ ಹಳೇ ಬಾಡಿಗೆ ಕೋಣೆಯ ಬೀಗದ ಕೈ ವಾಪಸು ಕೊಡಬೇಕು. ಅಂದರೆ ಶನಿವಾರ ನಾಯಿ ಬೆಕ್ಕುಗಳೆಲ್ಲ ಇಲ್ಲಿಗೆ ಬಂದಿಳಿಯುತ್ತವೆ. ಗೋದಾಮಿನ ತನಕ ಕರೆಂಟಿನ ಕಂಬ ಬಂದಿತ್ತು, ತಂತಿ ಬಂದಿರಲಿಲ್ಲ. ಹಾಗಾಗಿ ಜನರೇಟರ್ ಬೇಕಿತ್ತು. ಅಷ್ಟು ದಿನ ಶೆಡ್ಡಿನಲ್ಲೇ ಕೊಯ್ದು ತಂದು ಜೋಡಿಸುತ್ತಿದ್ದವರಿಗೆ ಜನರೇಟರಿನ ಸಹವಾಸ ಇದೇ ಮೊದಲು.

ಅದರ ಹಿಂದಿನ ವಾರದ ಶುಕ್ರವಾರ ಸಂಜೆ ಪುಟ್ಟಿ ಶೆಡ್ಡಿನಲ್ಲಿ ಕೂತು ಒಂದೊಂದು ಮಿಷಿನ್ನಿನ ಹಿಂದೆ ಅಂಟಿಸಿದ ಚೀಟಿಯ ಮೇಲಿನ ಮರದ ಪುಡಿ ಒರೆಸಿ ಓದಿದಳು. ಓದಿದ್ದನ್ನು ಕಾಗದದ ಮೇಲೆ ಬರೆದಳು. ಕೂಡಿದಳು, ಮತ್ತೆ ಕೂಡಿದಳು. ಅಣ್ಣ ವ್ಯಾನಿನ ಕೀ ತಿರುಗಿಸುತ್ತಾ ಬಾಗಿಲಲ್ಲಿ ನಿಂತಿದ್ದಾಗ ಕೂಗಿ ಕರೆದಳು.

"ಇಲ್ಲಿ ನೋಡು. ಕಟಿಂಗ್ ಮಿಷಿನ್ ಸಾವಿರದ ನಾನೂರು ವ್ಯಾಟ್. ಕಂಪ್ರೆಸರ್ ಓಡೋವಾಗ ಬರೀ ಸಾವಿರ, ಆದ್ರೆ ಶುರುವಾಗೋ ಆ ಒಂದು ಕ್ಷಣಕ್ಕೆ ಮೂರು ಸಾವಿರ ಎಳೆಯುತ್ತೆ. ನಾನು ಕೊಯ್ತಾ ಇರೋವಾಗ ಅದು ಶುರುವಾದ್ರೆ ಎಷ್ಟಾಯ್ತು? ನಾಲ್ಕು ಸಾವಿರದ ನಾನೂರು. ಅಂಚಿಗೆ ತಂದು ನಿಲ್ಲಿಸಬಾರದು, ಮಿಷಿನ್‌ಗೂ ಉಸಿರಾಡೋಕೆ ಜಾಗ ಬೇಕು. ಐದೂವರೆ ಕಿಲೋವ್ಯಾಟ್‌ದು ತಗೊಂಡು ಬಾ."

"ಪುಟ್ಟಿ, ನೀನು ಕೊಯ್ತೀಯ, ನಾನು ಮೊಳೆ ಹೊಡೀತೀನಿ, ಸರಿ ತಾನೇ?"

"ಸರಿ."

"ನನ್ನ ಮೊಳೆ ಗನ್ನಿಗೆ ಕರೆಂಟ್ ಬೇಕಾ? ಬೇಡ. ಗಾಳಿ ಸಾಕು. ಅಂದ್ಮೇಲೆ ಕರೆಂಟಿನ ಮಿಷಿನ್ ಒಂದೇ ಆಯ್ತಲ್ಲ, ನಿನ್ನದು!"

ಪುಟ್ಟಿ ಅವನ ಮುಖ ನೋಡಿದಳು. ತಮಾಷೆ ಮಾಡುತ್ತಿರಲಿಲ್ಲ. "ಗಾಳಿ ಎಲ್ಲಿಂದ ಬರುತ್ತೆ ಅಣ್ಣಾ?"

"ಕಂಪ್ರೆಸರಿಂದ."

"ಕಂಪ್ರೆಸರ್ ಯಾತರಲ್ಲಿ ಓಡುತ್ತೆ?"

"ಅದು ಬೆಳಿಗ್ಗೆ ಒಂದ್ಸಲ ತುಂಬಿಸಿಟ್ರೆ ಆಯ್ತು ಬಿಡು."

ನಿಜ ಹೇಳಬೇಕೆಂದರೆ ತಪ್ಪು ಪೂರ್ತಿ ಅವನದೂ ಅಲ್ಲ. ಶೆಡ್ಡಿನಲ್ಲಿ ಆ ಕಂಪ್ರೆಸರ್ ಮೂಲೆಯಲ್ಲಿ ಗೋಣಿಚೀಲದ ಹಿಂದೆ ಇರುತ್ತಿತ್ತು. ಗಾಳಿ ಕಡಿಮೆಯಾದಾಗ ಯಾರನ್ನೂ ಕೇಳದೆ ತಾನೇ ಗುರ್ರೆಂದು ಎದ್ದು, ತುಂಬಿದ ಮೇಲೆ ತಾನೇ ಸುಮ್ಮನಾಗುತ್ತಿತ್ತು. ಇಪ್ಪತ್ತು ವರ್ಷ ಅದರ ಸದ್ದು ಕೇಳಿ ಕೇಳಿ ಅಣ್ಣನಿಗೆ ಅದು ಒಂದು ಮಿಷಿನ್ ಎಂಬುದೇ ಮರೆತುಹೋಗಿತ್ತು. ಪುಟ್ಟಿ ಎಲ್ಲವನ್ನೂ ಮತ್ತೊಮ್ಮೆ ಬಿಡಿಸಿ ಹೇಳಿದಳು. ಅಣ್ಣ "ಆಯ್ತಾಯ್ತು" ಎಂದು ಕಾಗದ ಜೇಬಿಗೆ ಹಾಕಿಕೊಂಡು ಹೋದ.

ಮಾರನೇ ದಿನ ವ್ಯಾನಿನ ಹಿಂಬಾಗಿಲು ತೆಗೆದು, ಮದುಮಗಳನ್ನು ಇಳಿಸುವವನ ಸಂಭ್ರಮದಲ್ಲಿ ಅಣ್ಣ ಒಂದು ಕೆಂಪು ಜನರೇಟರ್ ಇಳಿಸಿದ. ಪುಟ್ಟಿ ಅದರ ಹತ್ತಿರ ಬಗ್ಗಿ ಚೀಟಿ ಓದಿದಳು. ಮೂರು ಕಿಲೋವ್ಯಾಟ್.

"ಅಣ್ಣಾ, ಇದು ಮೂರು."

"ಅಂಗಡಿಯವನು ಹೇಳಿದ, ಮರಗೆಲಸಕ್ಕೆ ಎಲ್ಲರೂ ಇದನ್ನೇ ಒಯ್ಯೋದಂತೆ. ಒಂದೇ ಸಲಕ್ಕೆ ಎರಡು ಮಿಷಿನ್ ಯಾರು ಓಡಿಸ್ತಾರೆ ಅಂದ. ಹೌದಲ್ವಾ ಮತ್ತೆ? ಪೆಟ್ರೋಲೂ ಕಡಿಮೆ ಕುಡಿಯುತ್ತೆ. ನೋಡು ಎಷ್ಟು ಮುದ್ದಾಗಿದೆ!"

ಪೆಟ್ರೋಲ್ ಹಾಕಿ ಓಡಿಸಿಯೂ ನೋಡಿಕೊಂಡೇ ಬಂದಿದ್ದ. ಒಮ್ಮೆ ಪೆಟ್ರೋಲ್ ಬಿದ್ದ ಮಿಷಿನ್ನನ್ನು ಯಾವ ಅಂಗಡಿಯವನೂ ವಾಪಸು ತಗೊಳ್ಳುವುದಿಲ್ಲ. ಪುಟ್ಟಿಗೆ ಮೈಯೆಲ್ಲ ಉರಿದುಹೋಯಿತು. ಆದರೂ ಒಳಗೆ ಹೋಗಿ ಗರಗಸದ ಬ್ಲೇಡುಗಳನ್ನು ಜೋಡಿಸಿಕೊಂಡಳು.

ಸೋಮವಾರ ಬೆಳಿಗ್ಗೆ ಗೋದಾಮಿನ ಹೊರಗೋಡೆಯ ಹಿಂದೆ ಜನರೇಟರ್ ಇಟ್ಟರು. ಅಣ್ಣ ಹಗ್ಗ ಎಳೆದ, ಅದು ಒಂದೇ ಏಟಿಗೆ ಎದ್ದಿತು. ಕಂಪ್ರೆಸರ್ ತುಂಬಿತು. ಪುಟ್ಟಿ ಮೊದಲ ಹಲಗೆ ಕೊಯ್ದಳು, ಅಣ್ಣ ಟಪ್ ಟಪ್ ಎಂದು ಮೊಳೆ ಹೊಡೆದ. "ನೋಡ್ದ್ಯಾ?" ಎಂದು ಹುಬ್ಬು ಹಾರಿಸಿದ. ಹತ್ತು ನಿಮಿಷ ಎಲ್ಲವೂ ಸರಿಯಾಗಿ ನಡೆಯಿತು. ಹನ್ನೊಂದನೇ ನಿಮಿಷಕ್ಕೆ ಪುಟ್ಟಿಯ ಬ್ಲೇಡು ಹಲಗೆಯ ನಡುವಿನಲ್ಲಿದ್ದಾಗ ಕಂಪ್ರೆಸರ್ ತಾನಾಗಿ ಗುರ್ರೆಂದಿತು. ಹೊರಗೆ ಜನರೇಟರ್ ಒಮ್ಮೆ ನರಳಿತು. ಅದರ ಸ್ವಿಚ್ಚು ಫಟ್ ಎಂದು ಕೆಳಗೆ ಬಿತ್ತು, ಬ್ಲೇಡು ಹಲಗೆಯಲ್ಲಿ ಕಚ್ಚಿಕೊಂಡು ನಿಂತಿತು.

ಅಣ್ಣ ಹೊರಗೆ ಹೋಗಿ ಸ್ವಿಚ್ಚು ಎತ್ತಿ ಬಂದ. "ಹೊಸದಲ್ವಾ, ಪಳಗಬೇಕು."

ಕಾಲು ಗಂಟೆಗೆ ಮತ್ತೆ ಫಟ್. ಊಟದ ಹೊತ್ತಿಗೆ ಒಂಬತ್ತು ಸಲ ಆಗಿತ್ತು. ಪಳಗದ ಜನರೇಟರಿನಿಂದ ಆರೋಪ ಪೆಟ್ರೋಲಿಗೆ ಹೋಯಿತು, ಬಂಕಿನವನು ನೀರು ಬೆರೆಸಿದ್ದಾನಂತೆ. ಅಲ್ಲಿಂದ ನೆಲ ಓರೆಯಾಗಿದೆ ಎಂಬುದಕ್ಕೆ ಬಂತು, ಜನರೇಟರಿನ ಕೆಳಗೆ ಎರಡು ಹಲಗೆ ಚೂರು ಇಟ್ಟು ನೋಡಿದ್ದಾಯಿತು. ಮಧ್ಯಾಹ್ನದ ಮೇಲೆ ಅದು ಸುತ್ತಿ ಬಳಸಿ ಪುಟ್ಟಿಯ ತಲೆಗೇ ಬಂದು ಕೂತಿತು.

"ನಿನ್ನ ಬ್ಲೇಡು ಮೊಂಡಾಗಿದೆ ಅನ್ಸುತ್ತೆ. ಜಾಸ್ತಿ ಒತ್ತಿ ಕೊಯ್ತೀಯ, ಅದಕ್ಕೇ ಜಾಸ್ತಿ ಎಳೆಯುತ್ತೆ."

"ಮೊನ್ನೆ ಹಾಕಿದ ಹೊಸ ಬ್ಲೇಡು ಇದು. ಅಣ್ಣಾ, ದಮ್ಮಯ್ಯ, ಕಂಪ್ರೆಸರ್ ಶುರುವಾದಾಗಲೇ ಬೀಳ್ತಿರೋದು. ಕಿವಿ ಕೊಟ್ಟು ಕೇಳು. ಗುರ್ ಅನ್ನುತ್ತೆ, ಆಮೇಲೆ ಬೀಳುತ್ತೆ. ಒಂಬತ್ತಕ್ಕೆ ಒಂಬತ್ತು ಸಲವೂ ಹಾಗೇ ಆಗಿದೆ."

ಅಣ್ಣ ಫೋನು ತೆಗೆದು ಕಿವಿಗಿಟ್ಟುಕೊಂಡು ಹೊರಗೆ ನಡೆದ. ಅಂಗಡಿಯವನಿಗೆ ಮಾಡಿದ್ದ. ಅರ್ಧ ಗಂಟೆ ಮಾತಾಡಿ ಬಂದು, ಜನರೇಟರಿನ ಮೇಲೆ ನೆರಳು ಬೀಳುವಂತೆ ಮಾಡಬೇಕಂತೆ ಎಂದು ಒಂದು ತಗಡು ಹುಡುಕಿ ತಂದು ಕಟ್ಟಿದ.

ಮಂಗಳವಾರ ಅವರು ಸರದಿಯ ಮೇಲೆ ಕೆಲಸ ಮಾಡಿದರು. ಇದೂ ಅಣ್ಣನ ಉಪಾಯವೇ. ಪುಟ್ಟಿ ಕೊಯ್ಯುವಾಗ ಕಂಪ್ರೆಸರಿನ ಸ್ವಿಚ್ಚು ಆರಿಸಿಡುವುದು, ಅವಳು ಮುಗಿಸಿ "ಗಾಳಿ!" ಎಂದು ಕೂಗಿದ ಮೇಲೆ ಹಾಕುವುದು, ತುಂಬಿದ ಮೇಲೆ ಅವನು "ಕೊಯ್ಯಿ!" ಎಂದು ಕೂಗುವುದು. ದಿನವಿಡೀ ಗಾಳಿ, ಕೊಯ್ಯಿ, ಗಾಳಿ, ಕೊಯ್ಯಿ. ಒಬ್ಬರು ದುಡಿಯುವಾಗ ಇನ್ನೊಬ್ಬರು ಕೈಕಟ್ಟಿ ನಿಲ್ಲಬೇಕು. ಇಬ್ಬರು ಮಾಡುವ ಕೆಲಸ ಅರ್ಧಕ್ಕೆ ಇಳಿಯಿತು. ಅದೂ ಅಣ್ಣ ಸ್ವಿಚ್ಚು ಆರಿಸುವುದನ್ನು ನೆನಪಿಟ್ಟುಕೊಂಡಾಗ. ಮೂರಕ್ಕೆ ಒಂದು ಸಲ ಮರೆಯುತ್ತಿದ್ದ. ಸಂಜೆಗೆ ಹನ್ನೆರಡರಲ್ಲಿ ಎರಡೇ ಗೂಡು ಎದ್ದು ನಿಂತಿದ್ದವು, ಅಡ್ಡಗೋಡೆಗಳ ಚೌಕಟ್ಟಿಗೆ ಕೈಯನ್ನೇ ಹಚ್ಚಿರಲಿಲ್ಲ.

ಬುಧವಾರ ಡಾಕ್ಟರಮ್ಮ ಬಂದರು. ಸೊಂಟದ ಮೇಲೆ ಕೈಯಿಟ್ಟು ಗೋದಾಮಿನ ಉದ್ದಗಲ ನೋಡಿದರು.

"ಏನ್ರೀ ಇದು? ನಾಳಿದ್ದು ಕಳೆದ್ರೆ ಶನಿವಾರ. ನನ್ನ ಹತ್ರ ಎಂಟು ನಾಯಿ, ನಾಲ್ಕು ಬೆಕ್ಕು, ಯಾರ ಮಾತೂ ಕೇಳದ ಒಂದು ಕತ್ತೆ ಇದೆ. ಎಲ್ಲಾನೂ ತಂದು ನಿಮ್ಮ ವ್ಯಾನಿನಲ್ಲಿ ಕಟ್ಟಲಾ?"

"ಡಾಕ್ಟ್ರೇ, ಆಗುತ್ತೆ, ಆಗೇ ಆಗುತ್ತೆ," ಎಂದ ಅಣ್ಣ. "ಸಣ್ಣದೊಂದು ಕರೆಂಟಿನ ತೊಂದರೆ ಅಷ್ಟೇ."

ಪುಟ್ಟಿ ಆಗ ಕಟ್ಟೆಮೇಜಿನ ಹಲಗೆ ಕೊಯ್ಯುತ್ತಿದ್ದಳು. ಆ ಹಲಗೆ ಅವಳೇ ಮರದ ಡಿಪೋದಲ್ಲಿ ಅರ್ಧ ದಿನ ಹುಡುಕಿ ಆರಿಸಿ ತಂದದ್ದು. ಹನ್ನೊಂದಡಿ ಉದ್ದ, ಎಲ್ಲೂ ಒಂದು ಗಂಟಿಲ್ಲ. ಅಣ್ಣ ಡಾಕ್ಟರಮ್ಮನಿಗೆ ಸಮಾಧಾನ ಹೇಳುವ ಭರದಲ್ಲಿ, ಕೆಲಸ ಜೋರಾಗಿ ನಡೆಯುತ್ತಿದೆ ಎಂದು ತೋರಿಸಲು, ಕಂಪ್ರೆಸರಿನ ಸ್ವಿಚ್ಚು ಆರಿಸಿಲ್ಲವೆಂಬುದನ್ನೂ ಮರೆತು ಮೊಳೆ ಗನ್ ಎತ್ತಿ ಒಂದಿಪ್ಪತ್ತು ಮೊಳೆ ಹೊಡೆದೇ ಹೊಡೆದ. ಕಂಪ್ರೆಸರ್ ಗುರ್ರೆಂದಿತು. ಬ್ಲೇಡು ಸುತ್ತು ಕಳೆದುಕೊಂಡು ಗೆರೆಯಿಂದ ಪಕ್ಕಕ್ಕೆ ಜಾರಿ ಕಚ್ಚಿಕೊಂಡಿತು. ಹಲಗೆಯ ಅಂಚಿನಿಂದ ಒಂದು ಗೇಣುದ್ದದ ಚಕ್ಕೆ ಸೀಳಿಕೊಂಡು ಎದ್ದಿತು.

ಪುಟ್ಟಿ ಮಿಷಿನ್ನನ್ನು ಕೆಳಗಿಟ್ಟಳು. ಸೀಳಿದ ಜಾಗದ ಮೇಲೆ ಕೈಯಾಡಿಸಿದಳು. ಅಳು ಬಂತು, ಅಳುವುದಕ್ಕಿಂತ ಹೆಚ್ಚಾಗಿ ಆ ಕಂಪ್ರೆಸರನ್ನು ಎತ್ತಿ ಬೀದಿಗೆ ಎಸೆಯಬೇಕು ಎನ್ನಿಸಿತು.

"ಐದೂವರೆ," ಎಂದಳು. ಧ್ವನಿ ಏರಿತ್ತು. "ಐದೂವರೆ ಕಿಲೋವ್ಯಾಟ್ ಬೇಕು. ಇನ್ನೆಷ್ಟು ಸಲ ಹೇಳ್ಲಿ?"

"ಪುಟ್ಟಿ, ಎಲ್ಲರ ಮುಂದೆ ಕೂಗಾಡಬೇಡ. ನಾನು ನೋಡ್ಕೋತೀನಿ ಅಂದ್ನಲ್ಲ," ಎಂದು ಅಣ್ಣ ಡಾಕ್ಟರಮ್ಮನ ಕಡೆ ತಿರುಗಿ ನಕ್ಕ.

ಆ ಸಂಜೆ ಅವಳು ವ್ಯಾನು ಹತ್ತಲಿಲ್ಲ. ನಡೆದುಕೊಂಡೇ ಮನೆಗೆ ಹೋದಳು. ದಾರಿಯುದ್ದಕ್ಕೂ ಅಣ್ಣನಿಗೆ ಹೇಳಬೇಕಾದ ಮಾತುಗಳನ್ನು ಒಂದೊಂದಾಗಿ ಜೋಡಿಸಿದಳು, ಮನೆ ಮುಟ್ಟುವಷ್ಟರಲ್ಲಿ ಸುಸ್ತಾಗಿ ಒಂದನ್ನೂ ಹೇಳದೆ ಮಲಗಿದಳು.

ಗುರುವಾರ ಬೆಳಿಗ್ಗೆ ಅಣ್ಣ ಒಂಬತ್ತಾದರೂ ಬರಲಿಲ್ಲ. ಪುಟ್ಟಿ ಕೈಗರಗಸದಲ್ಲಿ ರೀಪುಗಳನ್ನು ಕೊಯ್ಯುತ್ತಾ ಕೂತಿದ್ದಳು. ಹತ್ತು ಗಂಟೆಗೆ ವ್ಯಾನು ಬಂತು. ಅಣ್ಣನ ಜೊತೆ ಮುಖ್ಯರಸ್ತೆಯ ವೆಲ್ಡರ್ ಇಳಿದ. ಇಬ್ಬರೂ ಸೇರಿ ನೀಲಿ ಬಣ್ಣದ, ಮೊದಲಿನದಕ್ಕಿಂತ ಒಂದೂವರೆಪಟ್ಟು ದೊಡ್ಡದಾದ ಜನರೇಟರ್ ಇಳಿಸಿದರು. ಪುಟ್ಟಿ ಹೋಗಿ ಬಗ್ಗಿ ಓದಿದಳು. ಐದೂವರೆ ಕಿಲೋವ್ಯಾಟ್.

ಒಂದು ಕ್ಷಣ ಅವಳ ಎದೆ ಹಗುರಾಯಿತು. ಕೊನೆಗೂ ಕೇಳಿದ. ತಡವಾಗಿಯಾದರೂ ಕೇಳಿದ. ಮಾತಿಗೆ ಬಾಯಿ ತೆರೆಯುವಷ್ಟರಲ್ಲಿ ಅಣ್ಣನೇ ಶುರುಮಾಡಿದ.

"ಪುಟ್ಟಿ, ಇವನು ಎಂಥಾ ಬುದ್ಧಿವಂತ ಗೊತ್ತಾ? ನಾನು ಸುಮ್ನೆ ವಿಷಯ ಹೇಳಿದೆ ಅಷ್ಟೇ. ಎರಡೇ ನಿಮಿಷದಲ್ಲಿ ಲೆಕ್ಕ ಹಾಕಿ ಐದೂವರೆ ಬೇಕು ಅಂದ! ಕಂಪ್ರೆಸರ್ ಶುರುವಾಗೋವಾಗ ಮೂರು ಪಟ್ಟು ಎಳೆಯುತ್ತಂತೆ. ಯಾರಿಗೆ ಗೊತ್ತಿತ್ತು ಇದು?"

ಪುಟ್ಟಿ ವೆಲ್ಡರನ ಮುಖ ನೋಡಿದಳು. ಅವನು ಸಂಕೋಚದಿಂದ ತಲೆ ಕೆರೆದುಕೊಂಡ, ಪಾಪ, ಅವನದೇನು ತಪ್ಪು. ಅಣ್ಣನ ಮುಖ ನೋಡಿದಳು. ಆ ಮುಖದಲ್ಲಿ ಒಂದಿಷ್ಟೂ ಕಪಟವಿರಲಿಲ್ಲ.

"ಯಾರಿಗೆ ಗೊತ್ತಿತ್ತಾ?" ಎಂದಳು. "ನಾನು ಹೇಳಿರ್ಲಿಲ್ವಾ?"

"ನೀನಾ? ಯಾವಾಗ?" ಎಂದ ಅಣ್ಣ. "ಸರಿ ಸರಿ, ಹೊತ್ತಾಯ್ತು, ಮೊದಲು ಕೆಲಸ ಶುರುಮಾಡು."

ನೀಲಿ ಜನರೇಟರ್ ಎದ್ದಿತು. ಪುಟ್ಟಿ ಕೊಯ್ದಳು, ಕಂಪ್ರೆಸರ್ ಗುರ್ರೆಂದಿತು, ಬ್ಲೇಡು ಒಂಚೂರೂ ಅಳುಕದೆ ಹಲಗೆಯ ಆಚೆ ಬದಿಗೆ ಹೋಯಿತು. ಎಷ್ಟು ಸುಲಭ! ಮೂರು ದಿನ ಹಲ್ಲು ಕಡಿದು ಮಾಡಿದ್ದು ಇಷ್ಟು ಸುಲಭದ್ದೇ? ಕೆಲಸ ಚೆನ್ನಾಗಿ ಸಾಗಿದಷ್ಟೂ ಅವಳು ಕೊಯ್ದ ಚೂರುಗಳನ್ನು ಇನ್ನಷ್ಟು ಜೋರಾಗಿ ಮೂಲೆಗೆ ಎಸೆದಳು. ಲೆಕ್ಕ ತಪ್ಪಾಗಿದ್ದರೆ ತಾನೇ ಸೋತೆ ಎಂದು ಸುಮ್ಮನಾಗಬಹುದಿತ್ತು. ಲೆಕ್ಕ ಸರಿ ಇತ್ತು, ಒಂದು ವ್ಯಾಟೂ ಆಚೀಚೆ ಇರಲಿಲ್ಲ, ಹೇಳಿದವಳು ಮಾತ್ರ ಲೆಕ್ಕಕ್ಕೇ ಬರಲಿಲ್ಲ.

ಗುರುವಾರ, ಶುಕ್ರವಾರ ಎರಡೂ ದಿನ ದೀಪ ಹಾಕಿಕೊಂಡು ನಡುರಾತ್ರಿಯ ತನಕ ದುಡಿದು ನೆಲ, ಅಡ್ಡಗೋಡೆ ಮುಗಿಸಿದರು. ಕಟ್ಟೆಮೇಜಿನ ಸೀಳಿದ ಅಂಚನ್ನು ಪುಟ್ಟಿ ಕೆತ್ತಿ ತೆಗೆದು, ಬೇರೆ ಮರದ ಪಟ್ಟಿ ಕೂರಿಸಿ, ಉಜ್ಜಿ ಉಜ್ಜಿ ಗೊತ್ತಾಗದ ಹಾಗೆ ಮಾಡಿದಳು. ಶನಿವಾರ ಬೆಳಿಗ್ಗೆ ಹನ್ನೆರಡನೇ ಗೂಡಿನ ಬಾಗಿಲು ಕೂತಿತು. ಡಾಕ್ಟರಮ್ಮ ಬಂದು ಒಂದೊಂದು ಬಾಗಿಲನ್ನೂ ತೆಗೆದು ಹಾಕಿ ನೋಡಿ, "ಅಂತೂ ಮಾಡಿಬಿಟ್ರಿ. ಏನಾಗಿತ್ರೀ ಅಷ್ಟು ದಿನ?" ಎಂದರು.

"ಜನರೇಟರ್ ಸಣ್ಣದಾಗಿತ್ತು ಡಾಕ್ಟ್ರೇ," ಎಂದ ಅಣ್ಣ ಗಂಭೀರವಾಗಿ. "ಅಂಚಿಗೆ ತಂದು ನಿಲ್ಲಿಸಬಾರದು ನೋಡಿ, ಮಿಷಿನ್‌ಗೂ ಉಸಿರಾಡೋಕೆ ಜಾಗ ಬೇಕು."

ಪುಟ್ಟಿ ಕೈಯಲ್ಲಿದ್ದ ಮರಳುಕಾಗದವನ್ನು ಕೆಳಗಿಟ್ಟಳು. ಆ ಮಾತು ವೆಲ್ಡರನದಲ್ಲ, ಅವಳದು. ಅವಳು ಹೇಳಿದ ಹಾಗೇ, ಅಕ್ಷರ ಬಿಡದೆ ಇತ್ತು. ಅವಳು ಸಾಮಾನು ಕಟ್ಟಲು ಹೊರಗೆ ನಡೆದಳು.

ವ್ಯಾನಿಗೆ ಎಲ್ಲವನ್ನೂ ತುಂಬಿದ ಮೇಲೆ ಗೋಡೆಯ ಹಿಂದೆ ಕೆಂಪು ಜನರೇಟರ್ ಒಂದು ಉಳಿಯಿತು. ಅಣ್ಣ ಅದನ್ನು ಕಾಲಿನಿಂದ ತಳ್ಳಿ ನೋಡಿದ. "ಇದನ್ನ ಯಾರಿಗಾದ್ರೂ ದಾಟಿಸಿಬಿಡಬೇಕು. ಸುಮ್ನೆ ಜಾಗಕ್ಕೆ ದಂಡ."

"ನನಗೆ ಕೊಡು," ಎಂದಳು ಪುಟ್ಟಿ.

"ನಿನಗ್ಯಾಕೆ ಇದು?"

"ಬೇಕು."

ಅಣ್ಣ ನಕ್ಕ. "ಹುಚ್ಚೀ, ಇದನ್ನಿಟ್ಕೊಂಡು ಏನ್ ಮಾಡ್ತೀಯ? ಮೂರು ಸಾಲಲ್ಲ, ಐದೂವರೆನೇ ಬೇಕು, ಕಂಪ್ರೆಸರ್ ನಡುವೆ ಶುರುವಾಗುತ್ತೆ ಅಂತ ಶೆಡ್ಡಿನಲ್ಲಿ ಕೂತು ಮೊದಲ ದಿನವೇ ಬಡ್ಕೊಂಡ್ಯಲ್ಲ ನೀನೇ!"

ಹೇಳಿ ಮುಗಿಸಿದ ಮೇಲೆ ಅವನ ಬಾಯಿ ಹಾಗೇ ತೆರೆದುಕೊಂಡಿತು. ತಾನೇನು ಹೇಳಿದೆ ಎಂಬುದು ಅವನಿಗೂ ಆಗಲೇ ತಿಳಿದದ್ದು. ಗೋಡೆಯ ಆಚೆ ಮೊದಲ ನಾಯಿಗಳು ಬಂದಿಳಿದು ಬೊಗಳುತ್ತಿದ್ದವು.

"ಇಬ್ಬರು ಕೆಲಸ ಮಾಡಿದ್ರೆ ಐದೂವರೆ ಬೇಕು," ಎಂದಳು ಪುಟ್ಟಿ. "ಒಬ್ಬಳೇ ಆದ್ರೆ ಕೊಯ್ಯೋವಾಗ ಮೊಳೆ ಹೊಡೆಯಲ್ಲ, ಮೊಳೆ ಹೊಡೆಯೋವಾಗ ಕೊಯ್ಯಲ್ಲ. ಒಬ್ಬಳಿಗೆ ಮೂರು ಸಾಕು."

ಅಣ್ಣ ವ್ಯಾನಿನ ಬಾಗಿಲು ಹಿಡಿದು ನಿಂತ. ನಗು ಎಲ್ಲಿ ಹೋಯಿತೋ. ಮೆಲ್ಲಗೆ ಹೇಳಿದ. "ನನಗೆ ಕೇಳಿಸಿತ್ತು, ಪುಟ್ಟಿ. ಎಲ್ಲಾ ಕೇಳಿಸಿತ್ತು. ಅದೇನೋ, ನೀನು ಹೇಳಿದ್ದು ಅಂದ್ರೆ..."

"ನಿನಗೆ ಕೇಳಿಸೋದೇ ಇಲ್ಲ ಅಂದ್ಕೊಂಡು ಆರು ವರ್ಷ ಇದ್ದೆ ಅಣ್ಣಾ," ಎಂದಳು ಅವಳು. "ಕೇಳಿಸ್ತಿತ್ತು ಅಂದ್ಮೇಲೆ ಇನ್ನು ಹೇಗೆ ಇರ್ಲಿ?"

ಬಗ್ಗಿ ಜನರೇಟರಿನ ಹಿಡಿ ಹಿಡಿದಳು. ನಲವತ್ತೈದು ಕಿಲೋ ಭಾರ, ಒಂದು ಕಡೆ ಮಾತ್ರ ಎದ್ದಿತು. ಅಣ್ಣ ಬಂದು ಇನ್ನೊಂದು ಕಡೆ ಹಿಡಿದ. ಇಬ್ಬರೂ ಅದನ್ನು ರಸ್ತೆಯ ತನಕ ಹೊತ್ತುಕೊಂಡು ಹೋಗಿ, ಅವಳು ಕೈ ಮಾಡಿ ನಿಲ್ಲಿಸಿದ ಬಾಡಿಗೆ ಗಾಡಿಯಲ್ಲಿ ಇಟ್ಟರು. ಅಣ್ಣ ಅದು ಅಲ್ಲಾಡದ ಹಾಗೆ ಹಗ್ಗ ಬಿಗಿದು ಕಟ್ಟಿದ, ಎರಡೆರಡು ಸಲ ಎಳೆದು ನೋಡಿದ, ಆಮೇಲೆ ಪಕ್ಕಕ್ಕೆ ಸರಿದು ನಿಂತ.